ಬಂಡೆಗೆ ಬಿಸಿ ಮುಟ್ಟಿಸಿದವರು

ಕೊಪ್ಪಳ ಜಿಲ್ಲೆಯ ಅರಸಿನಕೇರಿ ಸುತ್ತಮುತ್ತ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆ ಎಂಬ ಸುದ್ದಿ 2025ರ ಹೊತ್ತಿಗೆ ಊರೂರಿಗೂ ಹಬ್ಬಿತು. ಇಂಥ ಸುದ್ದಿ ಬಂದಾಗ ಜನ ಕೇಳುವ ಪ್ರಶ್ನೆಗಳಲ್ಲಿ ಒಂದು ಬಹಳ ನೇರವಾದದ್ದು: ‘ಉರಿಸಿ ಉಳಿದದ್ದನ್ನ ಎಲ್ಲಿ ಇಡ್ತೀರಿ?’ ಇದು ತಿಳಿಯದವರ ಪ್ರಶ್ನೆ ಎಂದು ಪಕ್ಕಕ್ಕೆ ಸರಿಸುವವರಿದ್ದಾರೆ. ಆದರೆ ಅಣು ವಿಜ್ಞಾನಿಗಳು ಎಪ್ಪತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದೂ ಇದೇ ಪ್ರಶ್ನೆಗೆ. ಅದರ ಉತ್ತರದ ಒಂದು ತುಂಡನ್ನು ಹುಡುಕಿದ್ದು ನಮ್ಮದೇ ರಾಜ್ಯದಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ನೆಲಮಟ್ಟದಿಂದ ಸುಮಾರು 1000 ಮೀಟರ್ ಕೆಳಗೆ. ಬಂಡೆಯ ಮೇಲೆಯೇ ಬದುಕು ಕಟ್ಟಿಕೊಂಡಿರುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನರಿಗೆ ಆ ಕತೆ ಗೊತ್ತಿರಬೇಕು.

ಕತೆ ಶುರುವಾಗುವುದು ಬಂಡೆಯಿಂದಲ್ಲ, ದ್ರವದಿಂದ. ರಿಯಾಕ್ಟರಿನಲ್ಲಿ ಬಳಸಿ ತೆಗೆದ ಯುರೇನಿಯಂ ಇಂಧನವನ್ನು ಭಾರತ ಹಾಗೆಯೇ ಎಸೆಯುವುದಿಲ್ಲ. ಅದನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಮತ್ತೆ ಬಳಸಬಹುದಾದ ಯುರೇನಿಯಂ ಮತ್ತು ಪ್ಲುಟೋನಿಯಂ ಬೇರ್ಪಡಿಸುತ್ತದೆ. ಮುಂಬೈ ಪಕ್ಕದ ಟ್ರಾಂಬೆಯಲ್ಲಿ ಈ ಕೆಲಸ ಆರಂಭವಾಗಿದ್ದು 1964ರಲ್ಲಿ. ಬೇರ್ಪಡಿಸಿದ ಮೇಲೆ ಉಳಿಯುವ ಆಮ್ಲದ್ರಾವಣದ ಪ್ರಮಾಣ ಕಡಿಮೆ, ಆದರೆ ಇಂಧನದಲ್ಲಿದ್ದ ವಿಕಿರಣದ ಬಹುಪಾಲು ಅದರಲ್ಲೇ ಸೇರಿಕೊಂಡಿರುತ್ತದೆ. ಅದರಲ್ಲಿರುವ ಸೀಸಿಯಂ-137 ಮತ್ತು ಸ್ಟ್ರಾನ್ಷಿಯಂ-90ರ ಅರ್ಧಾಯುಷ್ಯ (ಅವು ಅರ್ಧಕ್ಕಿಳಿಯಲು ಹಿಡಿಯುವ ಕಾಲ) ಸುಮಾರು 30 ವರ್ಷ. ಅಂದರೆ 300 ವರ್ಷ ಕಳೆದರೆ ಅವು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಆದರೆ ಅದೇ ದ್ರಾವಣದಲ್ಲಿ 432 ವರ್ಷ ಅರ್ಧಾಯುಷ್ಯದ ಅಮೆರೀಸಿಯಂ-241 ಇದೆ, 20 ಲಕ್ಷ ವರ್ಷ ಮೀರಿದ ಅರ್ಧಾಯುಷ್ಯದ ನೆಪ್ಚೂನಿಯಂ ಇದೆ.

ಇದನ್ನು ಮೊದಮೊದಲು ಸ್ಟೀಲ್ ಟ್ಯಾಂಕುಗಳಲ್ಲಿ ತುಂಬಿಟ್ಟರು. ಆದರೆ ಟ್ಯಾಂಕ್ ಎಷ್ಟೇ ಗಟ್ಟಿಯಿದ್ದರೂ ಒಂದಲ್ಲ ಒಂದು ದಿನ ತುಕ್ಕು ಹಿಡಿಯುತ್ತದೆ. ಸೋರಿದ ದ್ರವ ಮಣ್ಣಿಗಿಳಿದು ಅಂತರ್ಜಲಕ್ಕೆ ಸೇರುತ್ತದೆ. ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಈ ದ್ರವವನ್ನು ನೀರಿನಲ್ಲಿ ಕರಗದ ಘನವಸ್ತುವಾಗಿಸುವುದು ಎಂಬುದು ಎಲ್ಲ ದೇಶಗಳಿಗೂ ಬೇಗ ಮನವರಿಕೆಯಾಯಿತು.

ಗಾಜಿನ ದಾರಿ

ಕೆನಡಾದ ಚಾಕ್ ರಿವರ್ ಪ್ರಯೋಗಾಲಯದವರು 1950ರ ದಶಕದಲ್ಲಿ ಒಂದು ದಿಟ್ಟ ಪರೀಕ್ಷೆ ಮಾಡಿದರು. ನೆಫೆಲಿನ್ ಸೈನೈಟ್ ಎಂಬ ಕಲ್ಲಿನ ಪುಡಿಯನ್ನು ವಿಕಿರಣ ತ್ಯಾಜ್ಯದೊಂದಿಗೆ ಬೆರೆಸಿ ಕರಗಿಸಿ ಗಾಜಿನ ಗಟ್ಟಿಗಳನ್ನು ಎರಕ ಹೊಯ್ದರು. ಅವನ್ನು 1958 ಮತ್ತು 1960ರಲ್ಲಿ ಯಾವ ಡಬ್ಬಿಯನ್ನೂ ತೊಡಿಸದೆ, ಬೇಕೆಂದೇ ಅಂತರ್ಜಲ ಹರಿಯುವ ಮರಳಿನಲ್ಲಿ ಹೂತರು. ಆಮೇಲೆ ವರ್ಷಗಟ್ಟಲೆ ಸುತ್ತಲಿನ ನೀರನ್ನು ತೆಗೆದು ಅಳೆದರು. ಗಾಜಿನಿಂದ ಹೊರಬಂದ ಸ್ಟ್ರಾನ್ಷಿಯಂ ಅತ್ಯಲ್ಪ. ಅದೂ ದಿನ ಕಳೆದಂತೆ ಇನ್ನಷ್ಟು ಕಡಿಮೆಯಾಗುತ್ತ ಹೋಯಿತು. ಗಾಜು ನಂಬಿಕೆಗೆ ಅರ್ಹ ಎಂಬುದಕ್ಕೆ ಅದು ಬಯಲಿನಲ್ಲೇ ಸಿಕ್ಕ ಪುರಾವೆ. ಸೈನೈಟ್ ಎಂಬ ಹೆಸರು ನಮಗೂ ದೂರದ್ದಲ್ಲ. ಭೂವಿಜ್ಞಾನಿಗಳು ‘ಕೊಪ್ಪಳ ಸೈನೈಟ್’ ಎಂದು ಊರ ಹೆಸರಿನಿಂದಲೇ ಕರೆಯುವ ಬಂಡೆ ಇಲ್ಲಿದೆ.

ಭಾರತ ಆರಿಸಿಕೊಂಡದ್ದು ಬೋರೋಸಿಲಿಕೇಟ್ ಗಾಜನ್ನು. ತ್ಯಾಜ್ಯದ್ರಾವಣಕ್ಕೆ ಗಾಜಿನ ಸಾಮಗ್ರಿ ಬೆರೆಸಿ ಸುಮಾರು 1000 ಡಿಗ್ರಿಯಲ್ಲಿ ಕರಗಿಸಿ ಸ್ಟೀಲ್ ಡಬ್ಬಿಗೆ ಹೊಯ್ಯುವ ಸ್ಥಾವರ 1985ರಲ್ಲಿ ತಾರಾಪುರದಲ್ಲಿ, 2002ರಲ್ಲಿ ಟ್ರಾಂಬೆಯಲ್ಲಿ ಕೆಲಸ ಶುರು ಮಾಡಿತು. ಟ್ರಾಂಬೆಯಲ್ಲಿ ಒಂದು ಗಂಟು ಎದುರಾಯಿತು. ಹಳೆಯ ಕಾಲದ ಸಂಸ್ಕರಣೆಯಲ್ಲಿ ಬಳಸಿದ ಫೆರಸ್ ಸಲ್ಫಮೇಟ್‌ನಿಂದಾಗಿ ಅಲ್ಲಿನ ದ್ರಾವಣದಲ್ಲಿ ಸಲ್ಫೇಟ್ ಹೆಚ್ಚಿತ್ತು. ಮಾಮೂಲಿ ಗಾಜು ಅಷ್ಟು ಸಲ್ಫೇಟನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಹೆಚ್ಚಾದದ್ದು ಹಳದಿ ಬಣ್ಣದ ಉಪ್ಪಿನ ಪದರವಾಗಿ ಬೇರೆಯಾಗುತ್ತದೆ. ಆ ಪದರ ನೀರಿನಲ್ಲಿ ಕರಗುತ್ತದೆ, ಸೀಸಿಯಂ ಕೂಡ ಅದರಲ್ಲಿ ಸೇರಿಕೊಳ್ಳುತ್ತದೆ. ಹಾಗಾದರೆ ಗಾಜು ಮಾಡಿದ ಶ್ರಮವೆಲ್ಲ ವ್ಯರ್ಥ. ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗಾಜಿನ ಪಾಕವನ್ನೇ ಬದಲಾಯಿಸಿ, ಬೇರಿಯಂ ಸೇರಿಸಿದರೆ ಗಾಜು ಹೆಚ್ಚು ಸಲ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಕಂಡುಕೊಂಡರು. ನಮ್ಮ ದೇಶದ ತ್ಯಾಜ್ಯದ ಗುಣ ತಿಳಿದು ನಮ್ಮವರೇ ಹುಡುಕಿದ ಮದ್ದು ಅದು.

ಆದರೆ ಗಾಜಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಳಗಿನ ವಿಕಿರಣದಿಂದ ಗಾಜು ದಶಕಗಳ ಕಾಲ ಬಿಸಿಯಾಗಿಯೇ ಇರುತ್ತದೆ. ಆದ್ದರಿಂದ ಅದನ್ನು ಮೊದಲು ತಾರಾಪುರದಲ್ಲಿರುವಂಥ ಕಾಂಕ್ರೀಟ್ ಕೋಣೆಗಳಲ್ಲಿಟ್ಟು, ಬಿಸಿಗಾಳಿ ತಾನಾಗಿ ಮೇಲೇರುವ ಗುಣವನ್ನೇ ಬಳಸಿ ತಣಿಸುತ್ತಾರೆ. ಆಮೇಲೆ? ಸಾವಿರಾರು ವರ್ಷ ಕಾವಲು ಕಾಯುವ ಸರ್ಕಾರ ಯಾವುದೂ ಇಲ್ಲ. ನೆಲದಾಳದ ಗಟ್ಟಿ ಬಂಡೆಯೇ ಕೊನೆಯ ಮನೆ ಎಂಬ ವಿಚಾರ ಗಟ್ಟಿಯಾಗತೊಡಗಿದ್ದು ಹೀಗೆ. ಆದರೆ ಬಿಸಿ ವಸ್ತುವನ್ನು ಆಳದಲ್ಲಿ ಹೂತರೆ ಬಂಡೆ ಏನು ಮಾಡುತ್ತದೆ? ಹಿಗ್ಗುತ್ತದೆಯೆ, ಸೀಳುತ್ತದೆಯೆ, ನೀರಿಗೆ ದಾರಿ ಕೊಡುತ್ತದೆಯೆ? ಇದನ್ನು ಪ್ರಯೋಗಾಲಯದ ಮೇಜಿನ ಮೇಲೆ ಕಲ್ಲಿನ ತುಂಡಿಟ್ಟು ತಿಳಿಯಲು ಬರುವುದಿಲ್ಲ. ಬಂಡೆಯ ಹೊಟ್ಟೆಯೊಳಗೇ ಇಳಿಯಬೇಕು.

ಕೋಲಾರದ ಆಳದಲ್ಲಿ

ಅಷ್ಟು ಆಳಕ್ಕೆ ಇಳಿಯಲು ಭಾರತದಲ್ಲಿ ಕೆಜಿಎಫ್ ಎಂದೇ ಹೆಸರಾದ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ಇರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಅಲ್ಲಿನ ತಳದಲ್ಲಿ ಬಂಡೆಯ ತಾಪವೇ ಅರವತ್ತು ಡಿಗ್ರಿ ದಾಟುತ್ತಿತ್ತು. ಬಂಡೆ ಸಿಡಿದು ಕಾರ್ಮಿಕರು ಸತ್ತ ದುರಂತಗಳ ನೆನಪು ಗಣಿಯ ಕಾಲೊನಿಗಳಲ್ಲಿ ಇಂದಿಗೂ ಇದೆ. ಆ ಸಿಡಿತವನ್ನು ಅರಿಯುವ ಪ್ರಯತ್ನದಲ್ಲಿ ಭಾರತದ ಬಂಡೆ ವಿಜ್ಞಾನ ಬೆಳೆಯಿತು. ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿತು.

ತ್ಯಾಜ್ಯದ ಪ್ರಶ್ನೆ ಬರುವ ಮೊದಲೇ ವಿಜ್ಞಾನಿಗಳು ಈ ಗಣಿಯೊಳಗೆ ಇಳಿದಿದ್ದರು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಮಾರ್ಗದರ್ಶನದಲ್ಲಿ 1951ರಲ್ಲೇ ಅಲ್ಲಿ ವಿಶ್ವಕಿರಣಗಳನ್ನು ಅಳೆಯಲು ಹೋಗಿದ್ದರು. 1965ರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ತಂಡ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೋ ಎಂಬ ಕಣಗಳನ್ನು ಗುರುತಿಸಿತು. ಜಗತ್ತಿನಲ್ಲಿ ಅಂಥವನ್ನು ಮೊದಲು ಕಂಡ ಜಾಗಗಳಲ್ಲಿ ಕೋಲಾರವೂ ಒಂದು.

1980ರ ದಶಕದಲ್ಲಿ ಭಾಭಾ ಕೇಂದ್ರದವರು ಬೇರೆಯೇ ಪ್ರಶ್ನೆ ಹೊತ್ತು ಬಂದರು. ಗಣಿಗಾರಿಕೆ ನಿಂತಿದ್ದ ಭಾಗವೊಂದರಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಆಂಫಿಬೊಲೈಟ್ ಎಂಬ ಕಪ್ಪು ಬಂಡೆಯ ನಡುವೆ ಪ್ರಯೋಗದ ಕೋಣೆ ಸಿದ್ಧವಾಯಿತು. ಅಲ್ಲಿ ಇಟ್ಟದ್ದು ವಿಕಿರಣ ತ್ಯಾಜ್ಯವನ್ನಲ್ಲ, ತ್ಯಾಜ್ಯದಷ್ಟೇ ಬಿಸಿ ಕೊಡುವ ವಿದ್ಯುತ್ ಹೀಟರುಗಳನ್ನು. ಸುತ್ತ ಕೊರೆದ ರಂಧ್ರಗಳಲ್ಲಿ ತಾಪ, ಒತ್ತಡ ಮತ್ತು ಬಂಡೆಯ ಸರಿದಾಟ ಅಳೆಯುವ ಸಾಧನಗಳು. ಬಂಡೆಗೆ ಬಿಸಿ ಏರುವುದೂ ನಿಧಾನ, ಇಳಿಯುವುದೂ ನಿಧಾನ. ಒಲೆ ಆರಿಸಿದ ಎಷ್ಟೋ ಹೊತ್ತಿನ ಮೇಲೂ ರೊಟ್ಟಿ ಹಂಚು ಕೈ ಸುಡುತ್ತದಲ್ಲ, ಹಾಗೆ. ಬೆಟ್ಟದಷ್ಟು ದಪ್ಪದ ಹಂಚನ್ನು ಅಳೆಯಲು ಹೊರಟವರಿಗೆ ಆತುರ ಮಾಡುವಂತಿರಲಿಲ್ಲ. ಪ್ರಯೋಗ ಎಂಟು ವರ್ಷ ನಡೆಯಿತು.

ಇಂಥದೇ ಪರೀಕ್ಷೆ 1970ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಸ್ಟ್ರಿಪಾ ಎಂಬ ಹಳೆಯ ಕಬ್ಬಿಣದ ಗಣಿಯಲ್ಲಿ, ಗ್ರಾನೈಟ್ ನಡುವೆ ನಡೆದಿತ್ತು. ಅಲ್ಲಿ ಬಿಸಿ ಹರಡಿದ ರೀತಿ ಲೆಕ್ಕಕ್ಕೆ ತಕ್ಕಂತೆಯೇ ಇತ್ತು. ಆದರೆ ಬಂಡೆ ಮಾತ್ರ ಲೆಕ್ಕ ಹೇಳಿದಷ್ಟು ಹಿಗ್ಗಲಿಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಕಲ್ಲಿನ ತುಂಡಿನಲ್ಲಿ ಇಲ್ಲದ ಒಂದು ಸಂಗತಿ ನೆಲದೊಳಗಿನ ಬಂಡೆಯಲ್ಲಿತ್ತು: ಬಿರುಕುಗಳು. ಹಿಗ್ಗಿದ ಕಲ್ಲು ಮೊದಲು ತನ್ನ ಬಿರುಕುಗಳನ್ನೇ ತುಂಬಿಕೊಂಡಿತ್ತು. ಆ ಪ್ರಯೋಗ ಕಲಿಸಿದ ದೊಡ್ಡ ಪಾಠ ಇದೇ. ಬಂಡೆಯನ್ನು ಅರಿಯುವುದೆಂದರೆ ಅದರ ಬಿರುಕುಗಳನ್ನು ಅರಿಯುವುದು. ಪ್ರತಿ ದೇಶವೂ ತನ್ನ ನೆಲದ ಬಂಡೆಯನ್ನು ತಾನೇ ಅಳೆದು ನೋಡಬೇಕು. ಕೋಲಾರದಲ್ಲಿ ನಮ್ಮವರು ಮಾಡಿದ್ದು ಆ ಕೆಲಸ. ಬಂಡೆಯ ಜಾಗದಲ್ಲೇ ಅಳೆಯುವ ವಿಧಾನ ರೂಪಿಸಿದರು, ತಮ್ಮ ಗಣಿತದ ಮಾದರಿಗಳನ್ನು ಆ ಅಳತೆಗಳಿಗೆ ಒರೆ ಹಚ್ಚಿದರು.

ನಿಸರ್ಗದ ಸಾಕ್ಷಿ

ಎಂಟು ವರ್ಷದ ಪ್ರಯೋಗ ಲಕ್ಷ ವರ್ಷಗಳ ಮಾತು ಹೇಳಲಾರದು. ಆ ಮಾತು ಹೇಳಿದ್ದು ಆಫ್ರಿಕಾದ ಗಬಾನ್ ದೇಶದ ಓಕ್ಲೊ. 1972ರಲ್ಲಿ ಅಲ್ಲಿಂದ ಬಂದ ಯುರೇನಿಯಂ ಅನ್ನು ಪರೀಕ್ಷಿಸುತ್ತಿದ್ದ ಫ್ರಾನ್ಸಿನ ಪ್ರಯೋಗಾಲಯದಲ್ಲಿ ಯುರೇನಿಯಂ-235ರ ಪ್ರಮಾಣ ಶೇ 0.7202 ಇರುವ ಬದಲು 0.7171 ಕಂಡಿತು. ಅಷ್ಟು ಸಣ್ಣ ವ್ಯತ್ಯಾಸವನ್ನು ಕೈಬಿಡದೆ ಬೆನ್ನು ಹತ್ತಿದಾಗ ತಿಳಿಯಿತು: ಸುಮಾರು 200 ಕೋಟಿ ವರ್ಷಗಳ ಹಿಂದೆ ಅಲ್ಲಿನ ಅದಿರಿನೊಳಗೆ ನೀರು ಇಳಿದು, ಯಾರ ಕೈವಾಡವೂ ಇಲ್ಲದೆ ಅಣು ವಿದಳನ ನಡೆದಿತ್ತು. ಅದು ಉಳಿಸಿದ ತ್ಯಾಜ್ಯದಲ್ಲಿ ಪ್ಲುಟೋನಿಯಂ ಹುಟ್ಟಿದ ಜಾಗದಲ್ಲೇ ಉಳಿದು ಕ್ಷಯಿಸಿತ್ತು. ಸೀಸಿಯಂನಂಥ ಕೆಲವು ಮಾತ್ರ ಜಾಗ ಬಿಟ್ಟು ಹೋಗಿದ್ದವು. ಓಕ್ಲೊ ಭರವಸೆಯನ್ನೂ ಎಚ್ಚರಿಕೆಯನ್ನೂ ಒಟ್ಟಿಗೆ ಕೊಟ್ಟಿತು. ನೆಲ ಬಹಳಷ್ಟನ್ನು ಹಿಡಿದಿಟ್ಟುಕೊಳ್ಳಬಲ್ಲದು, ಆದರೆ ಎಲ್ಲವನ್ನೂ ಅಲ್ಲ. ಹೊತ್ತೊಯ್ಯುವುದು ಎಲ್ಲ ಕಾಲಕ್ಕೂ ನೀರೇ.

ಕೇಳದೇ ಬಿಟ್ಟವರು

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. 2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದಾಗ, ಅಲ್ಲಿನ ತ್ಯಾಜ್ಯವನ್ನು ಕೆಜಿಎಫ್ ಗಣಿಯಲ್ಲಿ ಇಡುವ ಮಾತು ಹೊರಬಿತ್ತು. ಕೋಲಾರ ಸಿಡಿದೆದ್ದಿತು. ಬೀದಿಗಳಲ್ಲಿ ಪ್ರತಿಭಟನೆ ನಡೆಯಿತು. ಕೇಂದ್ರ ಸರ್ಕಾರ ಅಂಥ ಯೋಜನೆ ಇಲ್ಲವೆಂದು ಹೇಳಬೇಕಾಯಿತು. ಎಂಟು ವರ್ಷ ಬಂಡೆಯನ್ನು ಅಷ್ಟು ತಾಳ್ಮೆಯಿಂದ ವಿಚಾರಿಸಿದ ವ್ಯವಸ್ಥೆ, ಅದರ ಮೇಲೆ ಬದುಕಿದ ಜನರನ್ನು ವಿಚಾರಿಸಿರಲಿಲ್ಲ. ಆ ಹೀಟರುಗಳ ಕತೆಯನ್ನು ಗಣಿ ಕಾರ್ಮಿಕರ ಮಕ್ಕಳಿಗೆ ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಮೊದಲೇ ಬಿಡಿಸಿ ಹೇಳಿದ್ದರೆ ಭಯಕ್ಕೆ ಅಷ್ಟು ಜಾಗ ಇರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಫಿನ್‌ಲೆಂಡಿನಲ್ಲಿ ಹೀಗಾಗಲಿಲ್ಲ. ಅಲ್ಲಿ ಅಣು ತ್ಯಾಜ್ಯಕ್ಕೆಂದು ಓಂಕಾಲೊ ಎಂಬ ಆಳದ ನೆಲೆಯನ್ನು ಸುಮಾರು 430 ಮೀಟರ್ ಕೆಳಗೆ, 2004ರಿಂದ ಕೊರೆಯುತ್ತ ಬಂದರು. ಅದಕ್ಕೂ ಮೊದಲು ಯೂರಾಯೋಕಿ ಎಂಬ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕಿತ್ತು. ಬೇಡ ಎನ್ನುವ ಹಕ್ಕು ಕಾನೂನಿನಲ್ಲೇ ಅದಕ್ಕಿತ್ತು. ಅದು ಒಪ್ಪಿದ ಮೇಲೆ, 2001ರಲ್ಲಿ ಸಂಸತ್ತು ಒಪ್ಪಿತು.

ಕೊಪ್ಪಳದ ಬಂಡೆ, ಕೊಪ್ಪಳದ ನೀರು

ಈಗ ನಮ್ಮ ಸೀಮೆಗೆ ಬರೋಣ. ಅಣು ಸ್ಥಾವರ ಬೇರೆ, ತ್ಯಾಜ್ಯದ ಕೊನೆಯ ನೆಲೆ ಬೇರೆ. ಎರಡನ್ನೂ ಒಂದೆಂದು ತಿಳಿದು ಹೆದರುವುದು ಬೇಡ. ಆದರೆ ಸ್ಥಾವರ ಬಂದಲ್ಲಿ ತ್ಯಾಜ್ಯವೇ ಇರುವುದಿಲ್ಲ ಎಂಬ ಮಾತನ್ನೂ ಒಪ್ಪುವಂತಿಲ್ಲ. ಬಳಸಿದ ಇಂಧನ ಮೊದಲ ಕೆಲವು ವರ್ಷ ಸ್ಥಾವರದ ಕೊಳದಲ್ಲೇ ತಣಿಯಬೇಕು. ಕಡಿಮೆ ವಿಕಿರಣದ ಘನತ್ಯಾಜ್ಯವನ್ನು, ಅಂದರೆ ಬಳಸಿದ ಫಿಲ್ಟರು, ಬಟ್ಟೆ, ಉಪಕರಣದಂಥವನ್ನು, ಭಾರತದಲ್ಲಿ ಸ್ಥಾವರದ ಆವರಣದಲ್ಲೇ ಕಾಂಕ್ರೀಟ್ ಕಂದಕಗಳಲ್ಲಿ ಇಡುವುದು ವಾಡಿಕೆ. ಕಾಳಿ ದಂಡೆಯ ಕೈಗಾದಲ್ಲೂ ಅದೇ ಕ್ರಮ. ಅದರ ಮೇಲೆ ಸುಮಾರು 300 ವರ್ಷ ಕಣ್ಣಿಡಬೇಕೆಂದು ಯೋಜಿಸುತ್ತಾರೆ.

ಮುನ್ನೂರು ವರ್ಷದ ನೆನಪನ್ನು ಹೇಗೆ ಕಾಯುವುದು? ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕ ಕೊರೆಸಿದ ಅಕ್ಷರ ಎರಡು ಸಾವಿರ ವರ್ಷ ದಾಟಿಯೂ ಅಳಿದಿಲ್ಲ. ಬಂಡೆ ಅದನ್ನು ಕಾಪಾಡಿತು. ಆದರೆ ಓದುವವರೇ ಇಲ್ಲದೆ ಅದು ಶತಮಾನಗಟ್ಟಲೆ ಮರೆಯಾಗಿತ್ತು. 1931ರಲ್ಲಿ ಎನ್. ಬಿ. ಶಾಸ್ತ್ರಿ ಅವರು ಮತ್ತೆ ಗುರುತಿಸಬೇಕಾಯಿತು. ಕಲ್ಲು ಉಳಿದರೆ ಸಾಲದು, ಊರಿನ ಅರಿವೂ ತಲೆಮಾರಿನಿಂದ ತಲೆಮಾರಿಗೆ ದಾಟಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬಿರುಕು. ರಾಮನಗರದ ಕಡೆಯಿಂದ ಹಂಪಿ, ಗಂಗಾವತಿಯವರೆಗೆ ಹಬ್ಬಿದ ಕ್ಲೋಸ್‌ಪೇಟ್ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನೋಡಲು ಅದು ಅಖಂಡ. ಆದರೆ ಕುಷ್ಟಗಿ, ಯಲಬುರ್ಗಾದ ರೈತನ ಬೋರ್‌ವೆಲ್ಲಿಗೆ ನೀರು ಬರುವುದು ಗಟ್ಟಿ ಕಲ್ಲಿನಿಂದಲ್ಲ, ಅದರ ಬಿರುಕಿನಿಂದ. ಒಂದು ಹೊಲದಲ್ಲಿ ಧೂಳು ಹಾರಿ, ಪಕ್ಕದ ಹೊಲದಲ್ಲಿ ನೀರು ಚಿಮ್ಮುವುದೂ ಆ ಕಾರಣಕ್ಕೇ. ಸ್ಟ್ರಿಪಾದ ಉಪಕರಣಗಳು ಹುಡುಕಿ ಕಂಡುಕೊಂಡ ಸತ್ಯದ ಮೇಲೆ ಈ ಸೀಮೆಯ ರೈತ ಪ್ರತಿ ಬೇಸಿಗೆಯಲ್ಲೂ ತನ್ನ ದುಡ್ಡು ಸುರಿಯುತ್ತಾನೆ. ಎಷ್ಟು ಅಡಿಗೆ ಬಂಡೆ ಸಿಕ್ಕಿತು, ಎಷ್ಟರಲ್ಲಿ ನೀರು ಸಿಕ್ಕಿತು ಎಂಬುದು ಬೋರ್ ಕೊರೆಸಿದ ಪ್ರತಿ ಮನೆಗೂ ಗೊತ್ತು.

ಆದ್ದರಿಂದ ನನ್ನ ಮಾತು ಇಷ್ಟು. ಅಣು ಸ್ಥಾವರದ ಪ್ರಸ್ತಾವ ಎಂದಾದರೂ ಈ ಜಿಲ್ಲೆಯ ಗ್ರಾಮಸಭೆಯ ಮುಂದೆ ಬಂದರೆ, ಭೂವಿಜ್ಞಾನಿಗಳು ಅಲ್ಲಿನ ಕೊಳವೆಬಾವಿಗಳ ಲೆಕ್ಕವನ್ನು ರೈತರ ಬಾಯಿಂದಲೇ ಬರೆದುಕೊಳ್ಳಲಿ. ಬಿರುಕುಗಳ ನಕ್ಷೆಯನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಬಳಸಿದ ಇಂಧನ ಎಷ್ಟು ವರ್ಷ ಇಲ್ಲಿರುತ್ತದೆ, ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತದೆ, ಕಂದಕದ ಸುತ್ತಲಿನ ನೀರನ್ನು ಯಾರು ಅಳೆದು ಯಾರಿಗೆ ತಿಳಿಸುತ್ತಾರೆ ಎಂಬುದಕ್ಕೆ ಜಾಗ ಗುರುತಿಸುವ ಮೊದಲೇ ಬರಹದಲ್ಲಿ ಉತ್ತರ ಸಿಗಲಿ. ಉತ್ತರ ಕೇಳಿ ಒಪ್ಪುವುದೂ ಬೇಡವೆನ್ನುವುದೂ ಜನರ ಹಕ್ಕು. ಕೋಲಾರದಲ್ಲಿ ಬಂಡೆಯನ್ನು ಪ್ರಶ್ನಿಸಿ ಕಲಿತ ವಿಜ್ಞಾನಕ್ಕೆ ಕೊಪ್ಪಳದಲ್ಲಿ ಜನರಿಂದಲೂ ಕಲಿಯುವುದು ಸಾಧ್ಯವಿದೆ, ಅದು ಅದರ ಕರ್ತವ್ಯವೂ ಹೌದು.