ಯಜಮಾನ ಕಣ್ಣು ಮುಚ್ಚಿದ ಮೇಲೆ ಪಿಂಚಣಿಯ ತೀರ್ಮಾನ ಯಾರದು?

ರಾಗಿ ಬಿತ್ತಿದ ರೈತನೊಬ್ಬನು ಪೈರು ಮೊಣಕಾಲುದ್ದ ಬಂದಿರುವಾಗ ತೀರಿಕೊಂಡನೆಂದು ಇಟ್ಟುಕೊಳ್ಳೋಣ. ಕಾರ್ಯಗಳೆಲ್ಲ ಮುಗಿದ ಮೇಲೆ ಮನೆಯವರ ಮುಂದೆ ಒಂದು ಪ್ರಶ್ನೆ ಏಳುತ್ತದೆ. ಹಸುರು ಪೈರನ್ನೇ ಕೊಯ್ದು ದನಗಳಿಗೆ ಹಾಕಿ ಕೈ ತೊಳೆದುಕೊಳ್ಳುವುದೋ, ಇನ್ನಷ್ಟು ದಿನ ಕಳೆ ಕಿತ್ತು, ಕಾವಲು ಕಾದು, ತೆನೆ ಕೊಯ್ಯುವುದೋ? ಬಿತ್ತಿದವನನ್ನು ಕೇಳುವಂತಿಲ್ಲ. ಯಾರಾದರೊಬ್ಬರು ತೀರ್ಮಾನಿಸಲೇಬೇಕು.

ಇಂಥದೇ ಪ್ರಶ್ನೆ ಈಗ ಪಿಂಚಣಿ ಖಾತೆಯ ವಿಷಯದಲ್ಲಿಯೂ ನಮ್ಮ ಹಳ್ಳಿಗಳಿಗೆ ಬಂದಿದೆ. ಹಿಂದೆ ಪಿಂಚಣಿ ಎಂದರೆ ಮೇಷ್ಟರು, ಪೋಸ್ಟ್ ಮ್ಯಾನ್, ಶಾನುಭೋಗರ ಮಾತಾಗಿತ್ತು. ಈಗ ಹಾಗಿಲ್ಲ. ನೇಗಿಲು ಹಿಡಿಯುವವನೂ ತಿಂಗಳಿಗೊಂದು ಕಂತು ಕಟ್ಟಿ ಅರುವತ್ತರ ನಂತರ ಪಿಂಚಣಿ ಪಡೆಯುವ ಯೋಜನೆಗಳು ಬಂದಿವೆ. ಆದರೆ ಕಂತು ಕಟ್ಟುವವನು ಅರುವತ್ತಕ್ಕೆ ಮೊದಲೇ ಹೋದರೆ ಆ ಖಾತೆಯನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂದು ಹೇಳುವ ಅಧಿಕಾರ ಯಾರದು? ಮಗನದೋ? ಅಣ್ಣತಮ್ಮಂದಿರದೋ? ನಾಮಿನಿಯದೋ? ಇದನ್ನು ಅರಿಯದೆ ಅವಸರದಲ್ಲಿ ಹೆಬ್ಬೆಟ್ಟು ಒತ್ತಿದರೆ ಹಸುರು ಪೈರು ಕೊಯ್ದಂತೆಯೇ ಆಗುತ್ತದೆ. ಆದುದರಿಂದ ರೈತ ಬಂಧುಗಳು, ಅದರಲ್ಲಿಯೂ ಮನೆಯ ಹೆಣ್ಣುಮಕ್ಕಳು, ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ಕೇಳಬೇಕು.

ಎರಡು ಯೋಜನೆಗಳು

ಮೊದಲನೆಯದು ಅಟಲ್ ಪಿಂಚಣಿ ಯೋಜನೆ. ಇದು 2015ರ ಮೇ ತಿಂಗಳಲ್ಲಿ ಆರಂಭವಾಯಿತು. 18ರಿಂದ 40 ವರ್ಷದೊಳಗಿನವರು ಬ್ಯಾಂಕಿನಲ್ಲಾಗಲಿ ಪೋಸ್ಟಾಫೀಸಿನಲ್ಲಾಗಲಿ ಉಳಿತಾಯ ಖಾತೆಯ ಮೂಲಕ ಸೇರಬಹುದು. 2022ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಕಟ್ಟುವವರಿಗೆ ಹೊಸದಾಗಿ ಸೇರಲು ಅವಕಾಶವಿಲ್ಲ. 60 ವರ್ಷ ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ, ತಾನು ಆರಿಸಿಕೊಂಡ ಮೊಬಲಗು ಬರುತ್ತದೆ.

ಎರಡನೆಯದು ಪ್ರಧಾನಮಂತ್ರಿ ಕಿಸಾನ್ ಮಾನಧನ್ ಯೋಜನೆ. ಇದು 2019ರಲ್ಲಿ ಬಂದಿತು. ಎರಡು ಹೆಕ್ಟೇರಿನವರೆಗೆ ಸಾಗುವಳಿ ಭೂಮಿಯುಳ್ಳ ಸಣ್ಣ, ಅತಿ ಸಣ್ಣ ರೈತರಿಗಾಗಿಯೇ ಇದು. ಸೇರುವ ವಯಸ್ಸು ಇಲ್ಲಿಯೂ 18ರಿಂದ 40. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಂತು. ರೈತನು ಕಟ್ಟಿದಷ್ಟನ್ನೇ ಕೇಂದ್ರ ಸರಕಾರವೂ ಕಟ್ಟುತ್ತದೆ. 60ರ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ನಿಧಿಯನ್ನು ಜೀವ ವಿಮಾ ನಿಗಮವು ನೋಡಿಕೊಳ್ಳುತ್ತದೆ.

ತೀರ್ಮಾನ ಹೆಂಡತಿಯದು

ಈಗ ಮುಖ್ಯ ಮಾತಿಗೆ ಬರೋಣ. ಈ ಎರಡೂ ಯೋಜನೆಗಳಲ್ಲಿ ಸದಸ್ಯನು 60 ತುಂಬುವ ಮೊದಲೇ ತೀರಿಕೊಂಡರೆ, ಮುಂದಿನದನ್ನು ಆರಿಸುವ ಹಕ್ಕು ಮೊದಲು ಸಲ್ಲುವುದು ಆತನ ಹೆಂಡತಿಗೆ. ಸದಸ್ಯಳು ಹೆಂಡತಿಯಾಗಿದ್ದು ಆಕೆ ತೀರಿಕೊಂಡರೆ ಗಂಡನಿಗೆ. ಮಗನಿಗಲ್ಲ, ಮಾವನಿಗಲ್ಲ, ಮೈದುನನಿಗಲ್ಲ, ಊರಿನ ಹಿರಿಯರಿಗೂ ಅಲ್ಲ. ಅವರು ಬುದ್ಧಿ ಹೇಳಬಹುದು, ಬ್ಯಾಂಕಿಗೆ ಜೊತೆಯಲ್ಲಿ ಹೋಗಬಹುದು. ತೀರ್ಮಾನ ಮಾತ್ರ ಆಕೆಯದು.

ಆಕೆಯ ಮುಂದೆ ಎರಡು ದಾರಿಗಳಿವೆ. ಒಂದು, ಖಾತೆಯನ್ನು ಮುಚ್ಚಿ ಹಣ ತೆಗೆದುಕೊಳ್ಳುವುದು. ಅಟಲ್ ಪಿಂಚಣಿಯಲ್ಲಿ ಅಲ್ಲಿಯವರೆಗೆ ಕೂಡಿದ ನಿಧಿ ಬರುತ್ತದೆ. ಕಿಸಾನ್ ಮಾನಧನದಲ್ಲಿ ರೈತನು ಕಟ್ಟಿದ ಹಣ ಬಡ್ಡಿಸಹಿತ ಬರುತ್ತದೆ. ಇನ್ನೊಂದು, ಗಂಡನಿಗೆ 60 ತುಂಬಬೇಕಾಗಿದ್ದ ದಿನದವರೆಗೆ ಉಳಿದ ಕಂತುಗಳನ್ನು ತಾನೇ ಕಟ್ಟಿಕೊಂಡು ಹೋಗುವುದು.

ಎರಡನೆಯ ದಾರಿಯನ್ನು ಅನೇಕರು ಕೇಳಿಯೇ ಇರುವುದಿಲ್ಲ. "ಅತ್ತಿಗೆ, ಇಲ್ಲೊಂದು ಹೆಬ್ಬೆಟ್ಟು ಒತ್ತಿರಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಮೈದುನನು ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು. ಆದರೆ ಆ ಕಾಗದ ಖಾತೆ ಮುಚ್ಚುವ ಕಾಗದವೋ ಮುಂದುವರಿಸುವ ಕಾಗದವೋ ಎಂದು ಕೇಳಿ ತಿಳಿಯದೆ ಒತ್ತಬಾರದು.

ಲೆಕ್ಕ ಹಾಕಿ ನೋಡೋಣ

ಒಂದು ಉದಾಹರಣೆ ಹಿಡಿಯೋಣ. ಒಬ್ಬ ರೈತನು 30ನೆಯ ವಯಸ್ಸಿನಲ್ಲಿ ಅಟಲ್ ಪಿಂಚಣಿಗೆ ಸೇರಿ, ತಿಂಗಳಿಗೆ 1,000 ರೂಪಾಯಿ ಪಿಂಚಣಿಯನ್ನು ಆರಿಸಿಕೊಂಡನು. ಆತನ ಕಂತು ತಿಂಗಳಿಗೆ 116 ರೂಪಾಯಿ. ಎಂಟು ವರ್ಷ ಕಟ್ಟಿ, 38ರಲ್ಲಿ ತೀರಿಕೊಂಡನು. ಅಷ್ಟರಲ್ಲಿ ಕಟ್ಟಿದ ಹಣ 11,136 ರೂಪಾಯಿ. ಖಾತೆ ಮುಚ್ಚಿದರೆ ಹೆಂಡತಿಗೆ ಈ ಹಣವೂ ಅದರ ಮೇಲಿನ ಗಳಿಕೆಯೂ ಸಿಗುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು.

ಮುಂದುವರಿಸಿದರೆ ಇನ್ನೂ 22 ವರ್ಷ ಕಂತು ಕಟ್ಟಬೇಕು. ಒಟ್ಟು 30,624 ರೂಪಾಯಿ. ಅನಂತರ ಆಕೆಗೆ ತಿಂಗಳಿಗೆ 1,000, ವರ್ಷಕ್ಕೆ 12,000 ರೂಪಾಯಿ, ಬದುಕಿರುವವರೆಗೂ ಬರುತ್ತದೆ. ಮೂರು ವರ್ಷ ತುಂಬುವುದರೊಳಗೆ ಆಕೆ ಕಟ್ಟಿದ್ದು ಕೈಗೆ ಬಂದಿರುತ್ತದೆ. ಆಕೆಯೂ ಹೋದ ಮೇಲೆ ನಾಮಿನಿಗೆ ಸುಮಾರು 1 ಲಕ್ಷ 70 ಸಾವಿರ ರೂಪಾಯಿ ಸಲ್ಲುತ್ತದೆ.

ಇಲ್ಲಿ ಇನ್ನೊಂದು ಅನುಕೂಲವಿದೆ. ಪಿಂಚಣಿ ಆರಂಭವಾಗುವುದು ಹೆಂಡತಿಗೆ 60 ಆದಾಗ ಅಲ್ಲ, ಗಂಡನಿಗೆ 60 ಆಗಬೇಕಾಗಿದ್ದಾಗ. ಆಕೆ ಆತನಿಗಿಂತ ಆರು ವರ್ಷ ಚಿಕ್ಕವಳಾಗಿದ್ದರೆ 54ಕ್ಕೇ ಪಿಂಚಣಿ ಕೈಸೇರುತ್ತದೆ. ಅಲ್ಲದೆ ಆಕೆಯ ಹೆಸರಿನಲ್ಲಿ ಮೊದಲೇ ಒಂದು ಅಟಲ್ ಪಿಂಚಣಿ ಖಾತೆ ಇದ್ದರೂ ಅಡ್ಡಿಯಿಲ್ಲ. ಗಂಡನ ಖಾತೆಯದೂ ಬರುತ್ತದೆ, ತನ್ನದೂ ಬರುತ್ತದೆ.

ಹಾಗೆಂದು ಎಲ್ಲರೂ ಮುಂದುವರಿಸಲೇಬೇಕೆಂದು ನಾವು ಹೇಳುವುದಿಲ್ಲ. ಇಂದಿನ 1,000 ರೂಪಾಯಿಯ ಬೆಲೆ 22 ವರ್ಷದ ನಂತರ ಇರುವುದಿಲ್ಲ. ತಲೆಯ ಮೇಲೆ ಸಾಲವಿದ್ದು, ಬಡ್ಡಿ ಬೆಳೆಯುತ್ತಿದ್ದರೆ, ಮಕ್ಕಳ ಓದು ನಿಲ್ಲುವಂತಿದ್ದರೆ, ಇಂದಿನ ಹಣವೇ ದೊಡ್ಡದು. ನೀರಿಲ್ಲದೆ ಬತ್ತುವ ಪೈರನ್ನು ಮೇವಿಗಾದರೂ ಕೊಯ್ಯುವುದೇ ಜಾಣತನ. ಆದರೆ ಅದು ಲೆಕ್ಕ ಹಾಕಿ, ತಿಳಿದು ಕೊಯ್ದದ್ದಾಗಿರಬೇಕು. ಎರಡನೆಯ ದಾರಿ ಇದೆಯೆಂದೇ ಅರಿಯದೆ ಕೊಯ್ದದ್ದಾಗಿರಬಾರದು.

ಅರುವತ್ತರ ನಂತರ ತೀರಿಕೊಂಡರೆ

ಪಿಂಚಣಿ ಬರುತ್ತಿರುವಾಗ ಸದಸ್ಯನು ತೀರಿಕೊಂಡರೆ ಆರಿಸುವ ಪ್ರಶ್ನೆಯೇ ಇಲ್ಲ. ಅಟಲ್ ಪಿಂಚಣಿಯಲ್ಲಿ ಅಷ್ಟೇ ಮೊಬಲಗು ಹೆಂಡತಿಗೆ ಮುಂದುವರಿಯುತ್ತದೆ. ಕಿಸಾನ್ ಮಾನಧನದಲ್ಲಿ ಅರ್ಧ, ಅಂದರೆ ತಿಂಗಳಿಗೆ 1,500 ರೂಪಾಯಿ ಬರುತ್ತದೆ. ಆದರೆ ಆಕೆ ತಾನೇ ಆ ಯೋಜನೆಯ ಫಲಾನುಭವಿಯಾಗಿರಬಾರದು. ಕಿಸಾನ್ ಮಾನಧನದ ಕುಟುಂಬ ಪಿಂಚಣಿ ಗಂಡ ಅಥವಾ ಹೆಂಡತಿಗೆ ಮಾತ್ರ, ಮಕ್ಕಳಿಗೆ ಇಲ್ಲ.

ತೋಟದ ಆಳುಗಳಿಗೆ ಬೇರೆ ಕಟ್ಟಳೆ

ನಮ್ಮ ಗಡಿಯಾಚೆಯ ಕನ್ನಡಿಗರೆಲ್ಲರೂ ಸ್ವಂತ ಹೊಲದವರಲ್ಲ. ನೀಲಗಿರಿ, ವಯನಾಡುಗಳ ಚಹಾ, ಕಾಫಿ ತೋಟಗಳಲ್ಲಿ ದುಡಿಯುವವರಿದ್ದಾರೆ. ಸೊಲ್ಲಾಪುರದ ಕಡೆ ಕಾರ್ಖಾನೆಗಳಲ್ಲಿ ದುಡಿಯುವವರಿದ್ದಾರೆ. ಇವರಲ್ಲಿ ಭವಿಷ್ಯ ನಿಧಿಗೆ ಸಂಬಳದಿಂದ ಹಣ ಕಡಿತವಾಗುವವರಿಗೆ 1995ರ ನವೆಂಬರಿನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ ಅನ್ವಯಿಸುತ್ತದೆ.

ಇದರಲ್ಲಿ ಯಾರಿಗೆ ಸಲ್ಲಬೇಕೆಂಬುದನ್ನು ಯೋಜನೆಯ ಕಟ್ಟಳೆಯೇ ನಿಶ್ಚಯಿಸಿದೆ. ಕೆಲಸದಲ್ಲಿರುವಾಗ ಆಳು ತೀರಿಕೊಂಡರೆ, ಒಂದು ತಿಂಗಳ ವಂತಿಗೆ ಸಂದಿದ್ದರೂ ಸಾಕು, ವಿಧವೆಗೆ ಪಿಂಚಣಿಯುಂಟು. ಆಕೆಯ ಜೊತೆಗೆ ಒಂದು ಕಾಲಕ್ಕೆ ಇಬ್ಬರು ಮಕ್ಕಳಿಗೆ, 25 ವರ್ಷ ತುಂಬುವವರೆಗೆ, ವಿಧವಾ ಪಿಂಚಣಿಯ ಕಾಲು ಭಾಗ ತಲಾ ಸಲ್ಲುತ್ತದೆ. ತಂದೆತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ಮುಕ್ಕಾಲು ಭಾಗ. ವಿಧವೆ ಮರುಮದುವೆಯಾದರೆ ಆಕೆಯ ಪಿಂಚಣಿ ನಿಲ್ಲುತ್ತದೆ. ಕುಟುಂಬವಿರುವಾಗ ಹೊರಗಿನವರ ಹೆಸರು ಬರೆಸಿ ಹೆಂಡತಿ ಮಕ್ಕಳನ್ನು ತಪ್ಪಿಸಲು ಬರುವುದಿಲ್ಲ. ಇಲ್ಲಿ ಹೆಂಡತಿಯ ಕೆಲಸ ಆರಿಸುವುದಲ್ಲ, ತಡಮಾಡದೆ ಅರ್ಜಿ ಹಾಕುವುದು.

ಸರಕಾರಿ ನೌಕರರ ಕುಟುಂಬ ಪಿಂಚಣಿಯ ವಿಷಯದಲ್ಲಿಯೂ ಹೀಗೆಯೇ. ರೈಲ್ವೆ ನೌಕರನೊಬ್ಬನ ಸಂಸಾರದ ಮೊಕದ್ದಮೆಯಲ್ಲಿ, ಕುಟುಂಬ ಪಿಂಚಣಿಯು ಸತ್ತವನ ಆಸ್ತಿಯಲ್ಲ, ಅದನ್ನು ಮರಣಶಾಸನದಿಂದ ಬೇರೆಯವರಿಗೆ ಬರೆದುಕೊಡಲು ಬಾರದು ಎಂದು ಸುಪ್ರೀಂ ಕೋರ್ಟು 1991ರಲ್ಲಿ ತೀರ್ಪು ಕೊಟ್ಟಿದೆ. ಹೊಲ ಮನೆ ಪಾಲಾಗುವಂತೆ ಇದನ್ನು ಪಾಲು ಮಾಡಲಾಗದು.

ಹೆಸರು ಒಂದೇ ಇರಲಿ

ಗಡಿಯಲ್ಲಿರುವ ನಮಗೆ ಒಂದು ವಿಶೇಷ ತೊಡಕುಂಟು. ಮನೆಯಲ್ಲಿ ಕರೆಯುವ ಹೆಸರು ಕನ್ನಡದ್ದು. ಜಮೀನಿನ ದಾಖಲೆಯಲ್ಲಿ ಅದೇ ಹೆಸರನ್ನು ತಮಿಳಿನಲ್ಲೋ ಮಲೆಯಾಳದಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಬರೆದಿರುತ್ತಾರೆ. ಆಧಾರ್ ಕಾರ್ಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಂದು ರೀತಿ. ಒಂದು ಕಡೆ 'ಗೌಡ' ಇದ್ದು ಇನ್ನೊಂದು ಕಡೆ 'ಗೌಡರ್' ಆದರೂ ಬ್ಯಾಂಕಿನವರು ಅನುಮಾನಿಸುತ್ತಾರೆ. ಗಂಡ ಬದುಕಿರುವಾಗ ಈ ತಿದ್ದುಪಡಿ ಒಂದು ದಿನದ ಕೆಲಸವಾಗಬಹುದು. ಆತ ಹೋದ ಮೇಲೆ ಹೆಂಡತಿಗೆ ತಿಂಗಳುಗಟ್ಟಲೆ ಅಲೆದಾಟ.

ಭಾಷೆ ಬಾರದೆಂದು ಅಂಜಿ ಹಿಂದೆಗೆಯಬೇಕಾಗಿಲ್ಲ. ಕೇಂದ್ರದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ತನ್ನ ಕುಂದುಕೊರತೆಯ ಮನವಿಯನ್ನು ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ.

ಈಗಲೇ ಮಾಡಬೇಕಾದದ್ದು

1. ಪಿಂಚಣಿ ಖಾತೆಯ ಸಂಖ್ಯೆ, ಸೇರಿದಾಗ ಕೊಟ್ಟ ಕಾಗದ, ಪಾಸು ಪುಸ್ತಕ, ಇವೆಲ್ಲ ಎಲ್ಲಿವೆಯೆಂದು ಗಂಡ ಹೆಂಡತಿ ಇಬ್ಬರಿಗೂ ತಿಳಿದಿರಬೇಕು.

2. ಮದುವೆಗೆ ಮೊದಲು ಸೇರಿದವರು ಅಪ್ಪನನ್ನೋ ತಮ್ಮನನ್ನೋ ನಾಮಿನಿ ಮಾಡಿರಬಹುದು. ಅಟಲ್ ಪಿಂಚಣಿಯಲ್ಲಿ ಮದುವೆಯಾದ ಮೇಲೆ ಹೆಂಡತಿಯ ಅಥವಾ ಗಂಡನ ವಿವರವನ್ನು ಬರೆಸಲೇಬೇಕು.

3. ಹೆಂಡತಿಯ ಹೆಸರಿನಲ್ಲಿ ಪ್ರತ್ಯೇಕ ಉಳಿತಾಯ ಖಾತೆ ಇರಲಿ. ಮುಂದೆ ಕಂತು ಅದರಿಂದಲೇ ಹೋಗಬೇಕಾಗುತ್ತದೆ. ಕಿಸಾನ್ ಸಮ್ಮಾನ್ ಹಣದಿಂದಲೇ ಕಂತು ಕಡಿತವಾಗುವಂತೆ ಒಪ್ಪಿಗೆ ಕೊಟ್ಟಿದ್ದವನು ತೀರಿಕೊಂಡರೆ ಆ ದಾರಿಯನ್ನೇ ನಂಬಿ ಕೂರಬಾರದು.

4. ಸಾವು ಸಂಭವಿಸಿದರೆ 21 ದಿನಗಳೊಳಗೆ ನೋಂದಣಿ ಮಾಡಿಸತಕ್ಕದ್ದು. ಮರಣ ಪತ್ರದ ಕೆಲವು ಪ್ರತಿಗಳನ್ನು ತೆಗೆದಿಟ್ಟುಕೊಳ್ಳಬೇಕು.

5. ಅಟಲ್ ಪಿಂಚಣಿಗೆ ಖಾತೆಯಿರುವ ಬ್ಯಾಂಕು ಇಲ್ಲವೆ ಪೋಸ್ಟಾಫೀಸಿಗೆ, ಕಿಸಾನ್ ಮಾನಧನಕ್ಕೆ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೆಂಡತಿಯೇ ಹೋಗಿ, "ಖಾತೆ ಮುಂದುವರಿಸಿದರೆ ಎಷ್ಟು, ಮುಚ್ಚಿದರೆ ಎಷ್ಟು" ಎಂದು ಎರಡನ್ನೂ ಬರೆಸಿಕೊಂಡು ಬರಬೇಕು. ಆ ದಿನವೇ ಸಹಿ ಮಾಡಬೇಕೆಂದೇನೂ ಇಲ್ಲ. ಮನೆಗೆ ಬಂದು ಆಲೋಚಿಸಿ ನಂತರ ಹೇಳಬಹುದು. ಆದರೆ ಬಹಳ ದಿನ ಬಿಡುವುದೂ ಸಲ್ಲದು. ಕಂತು ತಪ್ಪಿದರೆ ತಡವಾದದ್ದಕ್ಕೆ ಬಡ್ಡಿ ಬೀಳುತ್ತದೆ.

ಸಾವಿನ ಮಾತನ್ನು ಮನೆಯಲ್ಲಿ ಆಡುವುದು ಅಪಶಕುನವೆಂದು ಕೆಲವರು ಭಾವಿಸುತ್ತಾರೆ. ಬಿತ್ತನೆಗೆ ಮೊದಲು ಮಳೆ ಕೈಕೊಟ್ಟರೆ ಏನು ಮಾಡಬೇಕೆಂದು ನಾವು ಪ್ರತಿ ವರ್ಷವೂ ಮಾತನಾಡುವುದಿಲ್ಲವೆ? ಆ ಮಾತಿನಿಂದ ಮಳೆ ನಿಂತುಹೋಗುವುದಿಲ್ಲ. ಇಂದು ರಾತ್ರಿ ಊಟವಾದ ಮೇಲೆ ಪೆಟ್ಟಿಗೆಯಿಂದ ಆ ಕಾಗದವನ್ನು ತೆಗೆದು, ಹೆಂಡತಿಯ ಕೈಗೆ ಕೊಟ್ಟು, "ನಾನಿಲ್ಲದಿದ್ದರೆ ಇದರ ತೀರ್ಮಾನ ನಿನ್ನದು" ಎಂದು ಒಂದು ಮಾತು ಹೇಳಿ. ಬಿತ್ತಿದ ಪೈರು ಯಾರ ಕೈಗೆ ಸೇರಬೇಕೆಂಬುದು ಬಿತ್ತಿದವನು ಬದುಕಿರುವಾಗಲೇ ಮನೆಯವರೆಲ್ಲರಿಗೂ ಗೊತ್ತಾಗಿರಲಿ.