ಚರ್ಮದ ವಿದ್ಯೆ ಹಟ್ಟಿಗೂ ಬರಬೇಕು

ಕುರಿ, ಮೇಕೆ ಮಾರುವಾಗ ನಮ್ಮ ರೈತರು ಮಾಂಸದ ತೂಕಕ್ಕೆ ಚೌಕಾಸಿ ಮಾಡುತ್ತಾರೆ. ಚರ್ಮದ ಬೆಲೆಯನ್ನು ಮಾತ್ರ ಕೊಳ್ಳುವವನ ಬಾಯಿಗೇ ಬಿಡುತ್ತಾರೆ. ಆ ಚರ್ಮದ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಶಿಕ್ಷಣ, ಸಂಶೋಧನೆಗಳಿವೆ.

ಹಿಂದೆ ತಂಗಡಿ ತೊಗಟೆ, ಅಳಲೆಕಾಯಿಗಳ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಚರ್ಮ ಹದ ಮಾಡುತ್ತಿದ್ದರು. ತಂದೆಯಿಂದ ಮಗನಿಗೆ ಬರುತ್ತಿದ್ದ ಕಸಬು ಅದು. 1903ರ ಸುಮಾರಿಗೆ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಲವಣದಿಂದ ಹದ ಮಾಡುವ ಪ್ರಯೋಗ ನಡೆಸಿದರು. (ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ನಿರ್ದೇಶಕರಾಗಿ ಬಂದವರು ಇವರೇ.) ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು, ಆದರೆ ಅದಕ್ಕೆ ರಸಾಯನಶಾಸ್ತ್ರ ಬಲ್ಲವರು ಬೇಕಾದರು. 1919ರಲ್ಲಿ ಕಲ್ಕತ್ತೆಯಲ್ಲಿ ಚರ್ಮ ಹದಗಾರಿಕೆಯ ಶಿಕ್ಷಣ ಸಂಸ್ಥೆ ಆರಂಭವಾಯಿತು. 1948ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಹುಟ್ಟಿತು. ಆಂಧ್ರದ ರೈತ ಮನೆತನದಿಂದ ಬಂದ ಡಾ. ವೈ. ನಾಯುಡಮ್ಮನವರು 1958ರಲ್ಲಿ ಅದರ ನಿರ್ದೇಶಕರಾಗಿ ಸಂಶೋಧನೆಯನ್ನು ಹದಗಾರರ ಬಾಗಿಲಿಗೆ ಕೊಂಡೊಯ್ದರು. ಇಂದು ಚರ್ಮ ತಂತ್ರಜ್ಞಾನದಲ್ಲಿ ಬಿ.ಟೆಕ್. ಪದವಿಯೂ ಉಂಟು.

ಇಷ್ಟಿದ್ದರೂ ಪದವೀಧರನ ಕೈ ಸೇರುವ ಮೊದಲೇ ಎಷ್ಟೋ ಚರ್ಮ ಕೆಟ್ಟಿರುತ್ತದೆ. ಉಣುಗು, ಕಜ್ಜಿ, ಸಿಡುಬಿನ ಕಲೆಗಳು, ಮುಳ್ಳುತಂತಿಯ ಗೀರು, ಕಾಯಿಸಿ ಹಾಕಿದ ಬರೆ ಇವೆಲ್ಲ ಹದವಾದ ಮೇಲೆ ಎದ್ದು ಕಾಣುತ್ತವೆ. ಯಾವ ಕಾರ್ಖಾನೆಯೂ ಅವನ್ನು ಅಳಿಸಲಾರದು. ಸುಲಿಯುವಾಗ ಚೂಪು ಮೊನೆಯ ಚಾಕು ತಗುಲಿದರೆ ತೂತು ಬೀಳುತ್ತದೆ. ತುದಿ ಬಾಗಿದ, ಮೊನೆ ಮೊಂಡಾದ ಕತ್ತಿ ಲೇಸು. ಸುಲಿಯುವವರಿಗೆ ತರಬೇತಿ ಕೊಡುವುದು ಕಾಲೇಜು ಕಟ್ಟುವಷ್ಟೇ ಅಗತ್ಯವೆಂದು ನನ್ನ ಅಭಿಪ್ರಾಯ.

ಹಸಿ ಚರ್ಮದಲ್ಲಿ ಮೂರರಲ್ಲಿ ಎರಡು ಪಾಲು ನೀರೇ ಇರುವುದರಿಂದ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಸುಲಿದ ಕೂಡಲೇ ನೆಲದ ಮೇಲೆ ಎಳೆಯದೆ ತೊಳೆದು, ನೀರು ಬಸಿದು, ಕೂದಲಿನ ಮಗ್ಗುಲು ಕೆಳಗಾಗಿ ಹಾಸಿ, ಮಾಂಸದ ಮಗ್ಗುಲಿಗೆ ಅಂಚಿನವರೆಗೂ ಉಪ್ಪು ತಿಕ್ಕಬೇಕು. ಎರಡು ಕಿಲೋ ಚರ್ಮಕ್ಕೆ ಸುಮಾರು 800 ಗ್ರಾಂ ಉಪ್ಪು ಬೇಕು. ಒಮ್ಮೆ ಬಳಸಿದ ಉಪ್ಪನ್ನು ಮತ್ತೆ ಹಾಕಕೂಡದು. ಅದರಲ್ಲಿರುವ ಸೂಕ್ಷ್ಮಜೀವಿಗಳಿಂದ ಚರ್ಮಕ್ಕೆ ಕೆಂಪು ಕಲೆ ಹಿಡಿಯುತ್ತದೆ. ಸುಡುಬಿಸಿಲಿನಲ್ಲಿ ಒಣಗಿಸಿದರೆ ಮೇಲೆ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ.

ಉಪ್ಪಿಗೂ ಒಂದು ಕೇಡುಂಟು. ಹದಗಾರಿಕೆ ಕಾರ್ಖಾನೆಗಳಲ್ಲಿ ತೊಳೆದ ಉಪ್ಪು, ರಾಸಾಯನಿಕಗಳು ತಮಿಳುನಾಡಿನ ಪಾಲಾರ್ ದಂಡೆಯ ಬಾವಿಗಳನ್ನೂ ಹೊಲಗಳನ್ನೂ ಕೆಡಿಸಿದವು. 1996ರಲ್ಲಿ ಸುಪ್ರೀಂ ಕೋರ್ಟು ರೈತರಿಗೆ ಪರಿಹಾರ ಕೊಡಿಸಲು ಆಜ್ಞಾಪಿಸಿತು. ಉಪ್ಪು ತಗ್ಗಿಸಿ ಚರ್ಮ ಕಾಪಾಡುವ ವಿಧಾನಗಳನ್ನು ಅಡ್ಯಾರಿನ ಸಂಸ್ಥೆ ಪ್ರಯೋಗಿಸಿ ನೋಡಿದೆ. ಅವು ನಮ್ಮ ಸಂತೆಗಳಿಗೆ ಬರುವ ತನಕ ಹೊಸ ಉಪ್ಪನ್ನೇ ಅಳತೆಯಲ್ಲಿ ಬಳಸಿ, ಉದುರಿದ್ದನ್ನು ಬಾವಿಯ ಹತ್ತಿರ ಗುಡಿಸದಿರಿ.