ಅಂಗಡಿಯಲ್ಲಿ ಸಿಗ್ನಲ್ ಸಿಗ್ತಿಲ್ವಾ? ಬೂಸ್ಟರ್ ತರೋ ಮುನ್ನ ಇದನ್ನ ಓದಿ

ಬಾಡಗಂಡಿ (ಬೀಳಗಿ ತಾ.): ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡ್ತಾರೆ, ಚಕ್ರ ತಿರುಗ್ತಾನೇ ಇರುತ್ತೆ. ಪತ್ರಾಸಿನ ಚಾವಣಿ, ಕಬ್ಬಿಣದ ಶಟರ್ ಇರುವ ಅಂಗಡಿಗಳಲ್ಲಿ ಇದು ಸಾಮಾನ್ಯ; ಲೋಹ ರೇಡಿಯೋ ಅಲೆಯನ್ನು ತಡೆಯುತ್ತದೆ. ಸರಿಯಾದ ಆಂಟೆನಾ ಇದ್ದರೆ ತೊಂದರೆ ಕಡಿಮೆಯಾಗುತ್ತದೆ.

ಕಡ್ಡಿ ಆಂಟೆನಾ: ರೂಟರ್ ಮೇಲಿರೋದು ಇದೇ. ಅಲೆ ಹರಡೋದು ಕಡ್ಡಿಯ ಸುತ್ತಲೂ, ತುದಿಯಿಂದಲ್ಲ. ಆದ್ದರಿಂದ ನೆಟ್ಟಗೆ ನಿಲ್ಲಿಸಿ.

ಯಾಗಿ ಆಂಟೆನಾ: ಹಿಂದೆ ಟಿವಿಗಾಗಿ ಮಾಳಿಗೆ ಮೇಲೆ ಕಟ್ಟುತ್ತಿದ್ದ ಏಣಿಯಂಥದ್ದು. 1926ರಲ್ಲಿ ಜಪಾನಿನ ಉಡಾ ಮತ್ತು ಯಾಗಿ ಪರಿಚಯಿಸಿದರು. ಒಂದೇ ದಿಕ್ಕಿನ ಸಿಗ್ನಲ್ ಚೆನ್ನಾಗಿ ಹಿಡಿಯುತ್ತದೆ. ಟವರ್ ದೂರವಿದ್ದರೆ, ಹೊರಗಿನ ಆಂಟೆನಾ ಜೋಡಿಸಲು ಬರುವ ಸಿಮ್ ರೂಟರ್‌ಗೆ ಇದನ್ನು ಹಾಕಿ, ಟವರ್ ಕಡೆ ತಿರುಗಿಸಿ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ.

ಅಳತೆ: 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂ.ಮೀ., 1800ರದ್ದು ಅದರರ್ಧ. ಕಡ್ಡಿಗಳ ಉದ್ದ ಅಲೆಗೆ ತಕ್ಕಂತಿರಬೇಕು. ಹಳೆ ಟಿವಿ ಆಂಟೆನಾ ಇದಕ್ಕೆ ಹೊಂದಲ್ಲ.

ಬೂಸ್ಟರ್ ಎಚ್ಚರ: ಅನುಮತಿಯಿಲ್ಲದೆ ಮೊಬೈಲ್ ಸಿಗ್ನಲ್ ಬೂಸ್ಟರ್ ಮಾರುವುದೂ ಬಳಸುವುದೂ ಕಾನೂನುಬಾಹಿರ. ನಿಮಗೆ ಸಿಗ್ನಲ್ ಬಂದರೂ ಅಕ್ಕಪಕ್ಕದವರ ಕರೆ ಕಡಿತವಾಗಬಹುದು.

ಮೊದಲು ರೂಟರನ್ನು ಟವರ್ ಕಡೆಯ ಕಿಟಕಿಯಲ್ಲಿ ಇಟ್ಟು ನೋಡಿ. ಅದಕ್ಕೆ ಖರ್ಚಿಲ್ಲ.